ಏಳರ ಎಣಿಕಿ

ಐತವಾರ ನಸುಕಿನ ಐದೂವರಿಗಿ ಘೌಸೋದ್ದೀನನ ಟಂಟಂ ಬರ್ತದ.
ಹಿಂದಿನ ಸೀಟು ಕಿತ್ತು ತಾಡಪತ್ರಿ ಹಾಸ್ಯಾನ.
ನಮಾಜಿನ ಬಟ್ಟಿ ಬ್ಯಾರೆ, ತನ್ನ ಸೀಟಿನ ಕೆಳಗ, ಪಾಲಿಥೀನಿನಾಗ.
ಹಸೀ ಮೂತಿ ತಾಗಬಾರದಂತ ಮಾರು ದೂರ ನಿಂತೇ
ರಾತ್ರಿಯ ರೊಟ್ಟಿ ಮುರದು ಏಳು ಪಾಲು ಮಾಡ್ತಾನ.

ಏಳು. ಬಾಗಲಕ್ಕ ಒಂದರಂಗ ಎತ್ತಿಕೋತ ಬರ್ತೀವಿ.
ವಕೀಲ ಮೂಲಗೆಯವರ ಸುಬೇದಾರ, ಗುಡುಗಿಗಿ ಮಂಚದ ಕೆಳಗ ಹೋಗಾಂವ.
ಗುರುದ್ವಾರದ ಹಿಂದಿನ ಲಾರಿ ಸರದಾರರ ಲಸ್ಸಿ, ಬೆಳ್ಳಗ, ದಪ್ಪಗ.
ಮೂರನೇ ಅಂತಸ್ತಿನ ಡಾಲರ್,
ಅದರ ಪಟ್ಟಿಗಿ ಚೀಟಿ: ಬಿಸ್ಕೀಟು ಬಿಟ್ಟು ಏನೂ ತಿನ್ನಂಗಿಲ್ಲ.
ಅವಳಿ ಜವಳಿ ಕರಿಯರಿಬ್ಬರು,
ಹೆಸರು ಹಿಡದು ಕರದ್ರ ಎರಡೂ ಬರ್ತಾವ, ಇಲ್ಲಾ ಎರಡೂ ಬರಂಗಿಲ್ಲ.
ಜಿಲೇಬಿ, ಮೂರು ಕಾಲಿನಾಕಿ. ನಾಲ್ಕನೇದ್ದು
ನಾನೇ ಹಿಡಕೊಂಡಿದ್ದೆ ದವಾಖಾನ್ಯಾಗ, ಡಾಕ್ಟರು ಕೊಯ್ಯುವಾಗ.
ಕಡೀಕ ಬುಡ್ಡಿ. ಹದಿಮೂರು ವರ್ಷ. ಕಣ್ಣಾಗ ಹಾಲು.

ಊರು ಮುಗದು ಕೆಂಪುಗಲ್ಲು ಸುರು ಆಗೋ ಕಡೆ ಇಳೀತೀವಿ.
ಹಗ್ಗ ಬಿಚ್ಚೋಕಿಂತ ಮೊದಲ ಏಳು ಅಂತೀನಿ, ಜೋರಾಗಿ,
ಎಣಿಸಿದ್ದು ಅವಕ್ಕೂ ಗೊತ್ತಿರಲಿ ಅಂತ.
ಐತವಾರ ವಿಮಾನಕ್ಕೂ ಸೂಟಿ. ಸುಬೇದಾರನ ಸಲುವಾಗೇ ಈ ದಿನ.

ಆಮ್ಯಾಲ ನೋಡಬೇಕು.
ಬಿಸ್ಕೀಟಿನ ಡಾಲರ್ ಮೊದಲ ಆಡಿನ ಹಿಕ್ಕಿ ತಿಂತದ,
ಕಣ್ಣು ಮುಚ್ಚಿ, ಪ್ರಸಾದದ ಹಂಗ.
ಮಂಚದ ಕೆಳಗಿನ ಸುಬೇದಾರ ಬಾರಿಮುಳ್ಳಿನಾಗ ನುಗ್ತಾನ.
ಲಸ್ಸಿ ಮಣ್ಣಾಗ ಉರುಳಿ ಎದ್ದರ
ಬೀದರದ್ದೇ ಬಣ್ಣ.
ಸೀತಾಫಲದ ಪೊದಿ ಆಚೆ ಚಿಗರಿ ಕಂಡರ ಮಾತ್ರ
ಒಂದೇ ಸೀಟಿ, ಎಲ್ಲರೂ ಹಗ್ಗಕ್ಕ. ಅದರಾಗ ಚರ್ಚಾ ಇಲ್ಲ.

ಹೋದ ವಾರ, ಗುಡ್ಡ ಕಡಿಯೋ ಅಂಚಿನಾಗ,
ಕೆಳಗ ಮಾಂಜ್ರಾ ಕಡೆ ಇನ್ನಾ ಮಂಜು ಬಿಟ್ಟಿರಲಿಲ್ಲ,
ಎಣಿಸಿದೆ: ಆರು.
ಕರಿಯರನ್ನ ಒಂದೇ ಅಂತ ಹಿಡದೆನೇನೋ ಅಂತ
ಮುಟ್ಟಿ ಮುಟ್ಟಿ ಎಣಿಸಿದೆ. ಆರು.
ಬುಡ್ಡಿ ಇಲ್ಲ.
ನೀಲಾಂಬಿಕೆ ಟೀಚರಿಗಿ ಏನಂತ ಹೇಳಲಿ.
ಕರಿಯೋಣಂದ್ರ ಆಕಿಗಿ ಕಿವಿ ಅರ್ಧಾ.

ಮೂರು ಕಾಲಿನಾಕಿನೇ ಹುಡುಕಿದ್ದು.
ಹೊಲದ ಬದುವಿನಾಗ ಹಳೇ ಸುರಂಗ ಬಾವಿಯ ಒಂದು ಬಾಯಿ,
ಮ್ಯಾಲ ಕಬ್ಬಿಣದ ಜಾಳಗಿ. ಜಾಳಗಿಗಿ ಮೂಗು ಹಚ್ಚಿ
ಬುಡ್ಡಿ ಮಲಗ್ಯಾಳ.
ಸತ್ತಳು ಅಂದೆ.
ಬಾಲ ಅಲ್ಲಾಡ್ತು.

ಬೈಯಲಿಕ್ಕಂತ ಬಗ್ಗಿದೆ.
ಕೆಳಗಿನಿಂದ ತಣ್ಣನ ಗಾಳಿ ಬಂತು ಮಾರಿಗಿ,
ಹಸೀ ಕಲ್ಲಿನ ವಾಸನಿ, ಮತ್ತ ಎಲ್ಲೋ ಬಹಳ ಒಳಗ
ನೀರು ನಡಿಯೋ ಸಪ್ಪಳ.
ಕಣ್ಣಿಲ್ಲ, ಕಿವಿ ಅರ್ಧಾ,
ಅಂಗಾಲಿನಿಂದ ಕೇಳಿ ಬಂದಿದ್ದಳೇನೋ.

ಒಬ್ಬೊಬ್ಬರೇ ಬಂದು ಮೂಗಿಟ್ಟರು. ಕರಿಯರಿಬ್ಬರೂ, ಜಗಳಿಲ್ಲದ.
ನಾನೂ ಹೊಟ್ಟಿ ಮ್ಯಾಲ ಮಲಗಿದೆ, ಐವತ್ತೊಂದರಾಕಿ.
ಘೌಸೋದ್ದೀನ ನಿಂತ, ನಿಂತ, ಆಮ್ಯಾಲ ಕುಂತ.
ಲಸ್ಸಿಯ ಮೂತಿ ಅವನ ಅಂಗೈಗಿ ತಾಗ್ತು.
ಕೈ ತಗೀಲಿಲ್ಲ.
ಬಟ್ಟಿ ಅದ ಬಿಡ್ರಿ ಅಕ್ಕಾ, ಅಂದ.

ಹತ್ತು ಗಂಟಿಗಿ ಬಾಗಲಕ್ಕ ಒಂದರಂಗ ಇಳಿಸಿದೆವು,
ಕಾಲು ತೊಳದು, ಮುಳ್ಳು ತಗದು, ಫೋಟೋ ಕಳಿಸಿ.
ಏನರ ತ್ರಾಸ ಕೊಟ್ಟದೇನ್ರಿ ನಮ್ಮದು?
ಇಲ್ರಿ. ಬಹಳ ಶಾಣ್ಯಾ ಅದ.
ಬಿಸ್ಕೀಟು ತಿಂತೇನ್ರಿ?
ಹೂಂ ಅಂದೆ.

ನೀಲಾಂಬಿಕೆ ಟೀಚರು ಸೆರಗಿನಿಂದ ಬುಡ್ಡಿಯ ಮೂಗು ಒರಸಿದರು.
ಇದೇನ್ರಿ ಗೆರಿ ಗೆರಿ, ಜಂಗು ಹತ್ತಿದಂಗ?
ಕೆಂಪು ಮಣ್ಣು ಇರಬೇಕ್ರಿ, ಅಂದೆ.
ಬುಡ್ಡಿ ನಮ್ಮ ಮಾತಿಗಿ ನಿಲ್ಲಲಿಲ್ಲ.
ಗ್ವಾಡಿ ಹಿಡದು ಹಿಡದು ಒಳಗ ಹೋಗಿ
ಬಚ್ಚಲ ಮೋರಿಗಿ ಮೂಗು ಹಚ್ಚಿ ಮಲಗಿದಳು.