ಒಂಬತ್ತು ಮಡಿ

ಮೋಟೆಬೆನ್ನೂರಿನಾಚೆ ಎರಡೆಕರೆ ಎರೆಮಣ್ಣು.
ಮೆಣಸಿನ ಗಿಡಕ್ಕೆ ಕೇಳುವ ಪ್ರಶ್ನೆ ನಾಲ್ಕು:
ಬೀಜ, ಸಾಲಿನ ಅಂತರ, ನೀರು, ಗೊಬ್ಬರ.
ಒಂದೊಂದಕ್ಕೂ ಮೂರು ಬಗೆ. ಎಲ್ಲ ಕೂಡಿಸಿ ನೋಡಲು
ಎಂಬತ್ತೊಂದು ಮಡಿ ಬೇಕು. ನನಗೆ ಸಿಕ್ಕಿದ್ದು ಒಂಬತ್ತು.

"ಉಳದ ಎಪ್ಪತ್ತೆರಡು ಎಲ್ಲಿ ಹಾಕ್ತೀರಿ ಮೇಡಮ್ಮಾರ?"
ಮಾಬೂಸಾಬ ನದಾಫ, ಗೂಟ ಕೆತ್ತುತ್ತ, ತಲೆ ಎತ್ತದೆ.

ಬದುವಿನ ಮೇಲೆ ಕೂತು ಹೇಳಿದೆ:
ಇದು ಮೂರೇ ಅಂಕಿಯ ಕ್ಷೇತ್ರ. ಸೊನ್ನೆ, ಒಂದು, ಎರಡು.
ಎರಡರ ಮುಂದೆ ಹೆಜ್ಜೆ ಇಟ್ಟರೆ ಮತ್ತೆ ಸೊನ್ನೆ,
ಮೂರು ಕಲ್ಲಿನ ಒಲೆ ಸುತ್ತಿದ ಹಾಗೆ.
ಬೀಜಕ್ಕೆ, ಅಂತರಕ್ಕೆ ಬೇಕಾದ ಅಂಕಿ ಕೊಡಿ.
ನೀರು ಅವೆರಡರ ಮೊತ್ತ.
ಗೊಬ್ಬರ: ಬೀಜಕ್ಕೆ ಅಂತರವನ್ನು ಎರಡು ಸಲ ಕೂಡಿಸಿ.
ಮುಗಿಯಿತು, ಒಂಬತ್ತು ಸಾಲು.
ಯಾವ ಎರಡು ಕಾಲಮ್ಮು ಹಿಡಿದು ನೋಡಿದರೂ
ಒಂಬತ್ತೂ ಜೋಡಿ ಬಂದಿವೆ, ಒಂದೊಂದೇ ಸಲ;
ಡಬ್ಬಿಗೆ ನೀರು ಹೆಚ್ಚು, ಕಡ್ಡಿಗೆ ಕಡಿಮೆ ಎನ್ನುವ ಹಾಗಿಲ್ಲ.
ಮೂರು ಒಟ್ಟಿಗೆ ಕೇಳಬೇಡಿ. ಅಲ್ಲಿ ಇದಕ್ಕೆ ಬಾಯಿಲ್ಲ.

"ಹಂಗಾರ ಸೊನ್ನಿ ನೀರಂದ್ರ?"
ಹದಿನೈದು ದಿನಕ್ಕೊಮ್ಮೆ, ಅಂದೆ.
"ಅದು ಸೊನ್ನಿ ಅಲ್ರಿ, ಶಿಕ್ಷಾ."

ಗೂಟಗಳಿಗೆ ಕೆಂಪು ಬಣ್ಣದಲ್ಲಿ ನಾಲ್ಕು ನಾಲ್ಕು ಅಂಕಿ
ಬರೆದವಳು ಮೊಮ್ಮಗಳು ಮೈಮೂನಾ, ಆರನೇ ಇಯತ್ತೆ.

ಸಸಿ ನೆಟ್ಟ ಎಂಟನೆಯ ವಾರ, ದಾಖಲೆ ಪುಸ್ತಕ ಹಿಡಿದು ಹೊರಟರೆ
ಮೂಡಣ ಮೂಲೆಯ ಗೂಟ: ಒಂದು ಎರಡು ಒಂದು ಎರಡು.
ಅಂಥ ಸಾಲೇ ಇಲ್ಲ.
ಒಂದಕ್ಕೆ ಎರಡು ಕೂಡಿದರೆ ಸೊನ್ನೆ; ಅಲ್ಲಿ ಒಂದು ಕೂತಿದೆ.
ನನ್ನ ಒಂಬತ್ತರಲ್ಲಿ ಯಾವ ಎರಡು ಸಾಲು ಹೋಲಿಸಿದರೂ
ಒಂದೇ ಕಡೆ ಕೂಡುತ್ತವೆ, ಮೂರು ಕಡೆ ಮುಖ ತಿರುಗಿಸುತ್ತವೆ;
ಅಷ್ಟು ದೂರ ಇರುವುದರಿಂದಲೇ
ಒಂದು ಅಂಕಿ ಜಾರಿದರೂ ಮನೆ ತಪ್ಪುವುದಿಲ್ಲ.
ಒಂದು ಎರಡು ಸೊನ್ನೆ ಎರಡು. ಹತ್ತಿರದ್ದು ಅದೊಂದೇ.
ಬಿತ್ತುವ ಸಾಲೂ ಇವೇ, ತಪ್ಪು ತಿದ್ದುವ ಸಾಲೂ ಇವೇ!
ಪೆನ್ನಿನ ಕ್ಯಾಪು ಕಚ್ಚಿ ಒಬ್ಬಳೇ ನಕ್ಕೆ.

ಆಮೇಲೆ ಎದೆ ಧಸಕ್ಕೆಂದಿತು.
ಅಂಕಿ ತಿದ್ದಬಹುದು. ಎಂಟು ವಾರ ಹರಿದ ನೀರು?

ಮಾಬೂಸಾಬ ಬೀಡಿ ಆರಿಸಿ ಬಂದು ನಿಂತರು.
"ಹುಡುಗಿ ತಪ್ಪ ಬರದಾಳ್ರಿ, ಗೊತ್ತೈತಿ.
ನೀರಿಗೆ ನಾ ಮೂರನೇದು ಓದಂಗಿಲ್ಲ.
ಮೊದಲಿನ ಎರಡು ಕೂಡಸ್ತೀನಿ,
ಮೂರಾದ್ರ ಮಡಿ ಒಣಗಸ್ತೀನಿ.
ನೀವ ಅಂದ್ರಲ್ಲ, ಬದುವಿನ ಮ್ಯಾಲ ಕುಂತು."

ನೆತ್ತಿಯ ಮೇಲೆ ಬಿಸಿಲು. ಆ ಮಡಿಯಲ್ಲಿ ಎಲೆ ಜೋತು ಬಿದ್ದಿತ್ತು,
ಹೂ ಮಾತ್ರ ಪಕ್ಕದವಕ್ಕಿಂತ ಮೊದಲೇ ಬಿಟ್ಟಿತ್ತು.
ಪುಸ್ತಕದಲ್ಲಿ ಹೂವಿಗೆ ಕಾಲಮ್ಮಿರಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಸಣ್ಣಗೆ.