ಕುಣಿಯ ಅಳತೆ

ಟೇಪು ಹಿಡಕೊಂಡು ಬಂದ ಹುಡುಗ ಇಂಜಿನಿಯರು
ಚಪ್ಪಲಿ ಹೊರಗ ಬಿಟ್ಟಿದ್ದ, ಅದಕ್ಕ ನನಗ ಸಿಟ್ಟು ಬರಲಿಲ್ಲ.
ಉದ್ದ ಹದಿನೆಂಟು, ಅಗಲ ಹನ್ನೊಂದು,
ತೊಲಿಗೆ ತಲಿ ಬಡೀದಂಗ ಬಾಗಿ ಬಾಗಿ ಬರಕೊಂಡ.
ಮಗ್ಗದ ಹತ್ರ ಬಂದು ನಿಂತು,
'ಇದೇನವ್ವ, ಮನ್ಯಾಗ ತಗ್ಗು?' ಅಂದ.

ತಗ್ಗಲ್ಲಪ್ಪ, ಕುಣಿ.
ನಮ್ಮ ಮಾವ ತೋಡಿದ್ದು.
ಸೇರು ಒದ್ದು ಬೆಟಗೇರಿ ಮನಿ ಹೊಕ್ಕಾಕಿ ನಾನು,
ಎಂಟನೇ ದಿನಕ್ಕ ಅದರೊಳಗ ಕಾಲು ಇಳಿಬಿಟ್ಟೆ,
ಇನ್ನೂ ತಗದಿಲ್ಲ ಅಂತ ತಿಳಿ.
ಬ್ಯಾಸಗ್ಯಾಗ ತಂಪು.
ಎರಡು ಸಲ ಹಾವು ಬಿದ್ದಿತ್ತು, ಒಂದು ಸಲ ನನ್ನ ಮಗ,
ಅಂಬೆಗಾಲಿಕ್ಕೂ ಮುಂದ.

ಅಂವ ನಕ್ಕ. ಹಾಳಿ ಮ್ಯಾಲ ಬರದ:
ತಗ್ಗು, ಲೆಕ್ಕಕ್ಕಿಲ್ಲ.

ಹೊಸಾ ಕಾಯ್ದೆ ನಮ್ಮ ಓಣ್ಯಾಗ ಓದಿ ಹೇಳಿದ್ರು,
ಹನಮಪ್ಪನ ಗುಡಿ ಕಟ್ಟಿ ಮ್ಯಾಲ, ಮೈಕ್ ಹಚ್ಚಿ.
ಸೂರಿಲ್ಲದವರಿಗೆ ಸೂರು.
ಹಳೇ ಮನಿ ಬಿಟ್ಟುಕೊಟ್ಟವರಿಗೆ
ಅಂತಸ್ತಿನ ಕಟ್ಟಡದಾಗ ಹೊಸಾ ಮನಿ.
ಮನಿ ಅಂದ್ರ ಏನು ಅಂತನೂ ಅದರಾಗ ಬರದೈತಂತ:
ಒಂದು ಪಡಸಾಲಿ, ಒಂದು ಕೋಲಿ, ಅಡಗಿಗೆ ಕಟ್ಟಿ,
ಚಿಲಕ ಇರೂ ಪಾಯಖಾನಿ.
ಎಲ್ಲಾ ನೆಲದಿಂದ ಮ್ಯಾಲ ಎಣಿಸಿದ್ದು.
ನಮ್ಮ ಮನಿ ಅರ್ಧ ನೆಲದ ಕೆಳಗ ಐತಿ,
ಅದನ್ನ ಎಣಿಸೂ ಕಲಮು ಯಾರೂ ಬರದಿಲ್ಲ.

ಚಿಲಕ ಅಂದ ಕೂಡ್ಲೆ ಸೊಸಿ ಶೈಲಾ
ನನ್ನ ರಟ್ಟಿ ಗಟ್ಟಿ ಹಿಡದಳು.
ಆರು ವರ್ಷ ಕತ್ತಲಾಗೂದನ್ನ ಕಾದಾಕಿ,
ಹಗಲೆಲ್ಲಾ ನೀರು ಕುಡೀದ
ತುಟಿ ಒಣಗಿಸಿಕೊಂಡಾಕಿ.
ಆಕಿ ಮುಂದ ಕುಣಿ ಮಾತು ಎತ್ತಾಕ
ನನಗ ಬಾಯಿ ಬರಲಿಲ್ಲ.

ಚೀಟಿ ಎತ್ತಿದ್ದು ಸಾಲಿ ಹುಡುಗಿ, ಪ್ಲಾಸ್ಟಿಕ್ ಬಕೀಟಿನಿಂದ.
ನಮಗ ಬಂದದ್ದು ಮೂರನೇದು.
'ಬನವ್ವನ ಅಂತಸ್ತು ಏರಿತು ನೋಡ್ರಿ!' ಅಂದ ಪಾನಂಗಡಿ ಸೋಮಪ್ಪ.
ಎಲ್ಲಾರೂ ನಕ್ಕರು, ನಾನೂ ನಕ್ಕೆ.

ದಾವಲಬಿ ನಗಲಿಲ್ಲ.
ನಮ್ಮ ಹಿತ್ತಲ ತಗಡಿನ ಶೆಡ್ಡಿನ್ಯಾಗ
ಹನ್ನೊಂದು ವರ್ಷ ಬಾಡಿಗಿ ಇದ್ದಾಕಿ.
ಬಾಡಿಗಿ ಅಂದ್ರ, ದಿನಾ ಎರಡು ತಾಸು
ನನಗ ಕಂಡಿಕಿ ಸುತ್ತಿ ಕೊಡೂದು, ಅಷ್ಟ.
ಅದಕ್ಕ ಕರಾರಿಲ್ಲ, ಪಾವತಿ ಇಲ್ಲ,
ಕರೆಂಟು ನಮ್ಮ ಮೀಟರಿನದು.
ಹುಡುಗ ಪಾಪ ಮೂರು ಸಲ ಕೇಳಿದ:
'ಏನರ ಒಂದು ಕಾಗದ? ಒಂದು ಬಿಲ್ಲು?'
ಆಕಿ ತೋರಬೆರಳು ಮುಂದ ಹಿಡದಳು,
ನೂಲು ಕೊರದ ಗೆರಿ.
ಅದರ ಮ್ಯಾಲ ಶಿಕ್ಕಾ ಒತ್ತಾಕ ಬರೂದಿಲ್ಲಲ್ಲ.

ಇನ್ನೊಂದು ಹೇಳಬೇಕು.
'ಈ ಜಾಗದಾಗ ಬ್ಯಾರೆ ಯಾರೂ ವಾಸ ಇಲ್ಲ'
ಅನ್ನೂ ಹಾಳಿ ಒಂದಿತ್ತು ಕಡೀಕ.
ಅದಿಲ್ದ ಕೀಲಿ ಕೊಡೂದಿಲ್ಲ ಅಂದ್ರು.
ನಾ ಅದಕ್ಕ ಸಹಿ ಮಾಡೀನಿ.
ಹೆಬ್ಬೆಟ್ಟಲ್ಲ, ಸಹಿ. ಓದಿ ಮಾಡೀನಿ.

ಆಕಿ ತಗಡು ಗುಜರಿಗೆ ಮಾರಿ
ಲಕ್ಷ್ಮೇಶ್ವರದ ಬಸ್ಸು ಹತ್ತಿದಳು.
ಅಲ್ಲಿ ಯಾರದಾರ ಅಂತ ನಾ ಕೇಳಲಿಲ್ಲ.
ಸೂರಿಲ್ಲದವರ ಯಾದಿ ಅಲ್ಲೂ ಬರೀತಿರಬೇಕು.

ಜೇಸಿಬಿ ಬಂದ ದಿನ ಗ್ವಾಡಿ ಬೀಳಾಕ ಹೊತ್ತು ಹಿಡೀಲಿಲ್ಲ,
ಕುಣಿ ತುಂಬಾಕ ಹಿಡೀತು.
ನಮ್ಮವ ಹಂಚು, ನಮ್ಮವ ಇಟ್ಟಂಗಿ,
ಒಗದಷ್ಟೂ ನುಂಗತಿತ್ತು.

ಈಗ ಶೈಲಾ ಹಗಲಿನ್ಯಾಗ ನೀರು ಕುಡೀತಾಳ,
ಚರಿಗಿ ಎತ್ತಿ, ಗಟಗಟ.
ಮಾರಿ ಮ್ಯಾಲ ಕಳೆ ಬಂದೈತಿ, ಸುಳ್ಳು ಹೇಳಬಾರದು.
ಮಗ್ಗ ಬಿಚ್ಚಿ ಗ್ಯಾಲರ್‍ಯಾಗ ಆನಿಸಿಟ್ಟೀವಿ,
ಅರಬಿ ಒಣಹಾಕಾಕ ಚಲೋ ಆಗೈತಿ.

ನಿನ್ನೆ ಕೆಳಗಿನ ಮನಿ ಹುಡುಗಿ ಬಂದಿದ್ದಳು:
'ಅಜ್ಜಿ, ರಾತ್ರಿ ನಿಮ್ಮ ನೆಲ ಟಕ ಟಕ ಅಂತೈತಿ,
ಏನು ಕುಟ್ಟತೀರಿ?'
ಏನಿಲ್ಲವ್ವ, ಅಂದೆ,
ಮಂಚದ ಮ್ಯಾಲಿಂದ ಕಾಲು ಬಿಟ್ಟು ಕುಂತಿರತೀನಿ.

ಆಕಿ ಹ್ವಾದಮ್ಯಾಲ ಹಿಮ್ಮಡ ನೋಡಿಕೊಂಡೆ.
ದಾವಲಬಿ ಇದ್ದಿದ್ರ
ಎಷ್ಟು ಕಂಡಿಕಿ ಬೇಕಾಗತಿದ್ವೋ
ಆ ಒಂದು ರಾತ್ರಿಗೆ.