ಆರೂವರೆಗೆ ಹಾಸಿಗೆ

ಸೌತ್ ಶೀಲ್ಡ್ಸ್. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ತಿರುಗಿದಾಗೆಲ್ಲ
ಮೇಲೆ ಟೀ ಲೋಟಗಳು ಸಣ್ಣಗೆ ನಡುಗುತ್ತವೆ.
ನಾಲ್ಕು ಸಂಸ್ಥೆಗೆ ಒಂದೇ ಬಾಗಿಲು, ಒಂದೇ ಫೋನು,
ಬಾಗಿಲ ಮೇಲಿನ ನಾಲ್ಕು ಹೆಸರಲ್ಲಿ
ಒಂದರ ಅಂಟು ಬಿಟ್ಟು ಮೂಲೆ ಸುರುಳಿಯಾಗಿದೆ.

ಕಿವುಡರ ಸಂಘದ ಗಾಡ್‌ಫ್ರೀ,
ಮನೆಯವರನ್ನು ತಾವೇ ನೋಡಿಕೊಳ್ಳುವವರ ಬಳಗದ ಹಿಲ್ಡಾ,
ಯೆಮನಿ ಹೆಂಗಸರ ಕೂಟದ ಸಲ್ವಾ,
ಮತ್ತೆ ‘ನಮ್ಮ ಮಾತು ನಾವೇ’ ಗುಂಪಿನ ಡಾರಿಲ್.
ಡಾರಿಲ್‌ಗೆ ಓದಲು ಬಾರದು. ಆದರೆ
ಯಾರ ನಗು ಸುಳ್ಳೆಂದು ಹೊಸಿಲಲ್ಲೇ ಹೇಳಿಬಿಡುತ್ತಾನೆ.

ಹಿಂದೆ ಒಂದೇ ಹಣದ ಚೀಲಕ್ಕೆ ಕಿತ್ತಾಡಿದವರು.
ಹಿಲ್ಡಾ ಈಗಲೂ ಗಾಡ್‌ಫ್ರೀಗೆ ಸಕ್ಕರೆ ಡಬ್ಬಿ
ಕೈಗೆ ಕೊಡುವುದಿಲ್ಲ, ಮೇಜಿನ ಮೇಲೆ ತಳ್ಳುತ್ತಾಳೆ.
ಇರಲಿ. ತಳ್ಳಿದ ಸಕ್ಕರೆಯೂ ಸಿಹಿಯೇ.

ಇವತ್ತಿನ ಕಡತ: ಈನಿಡ್ ಥರ್ಲ್‌ವೆಲ್, ಎಪ್ಪತ್ತಮೂರು.
ಟೈನ್ ನದಿಯ ದೋಣಿಯಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವಳು.
ಲಕ್ವ ಹೊಡೆದು ಬಲಗೈ ಹೋಯಿತು.
ಮಾತಿನಲ್ಲಿ ಉಳಿದದ್ದು ಎರಡು:
ಒಂದು ‘ಹೌದು’, ಒಂದು ಬೈಗುಳ.
ಬೈಗುಳ ಹೆಚ್ಚು ಸ್ಪಷ್ಟ.

ಕೌನ್ಸಿಲಿನ ಕಾಗದ ಹೇಳುತ್ತದೆ:
ಸಂಜೆಯ ಭೇಟಿ, ಹದಿನೈದು ನಿಮಿಷ.
ಆರೂವರೆಗೆ ಹಾಸಿಗೆ.
ಸೇವೆ ಪಡೆಯುವವರು ಒಪ್ಪಿದ್ದಾರೆ.

ಸಲ್ವಾ ಅವಳ ಮನೆಗೆ ಹೋದಳು. ಏನೂ ಕೇಳಲಿಲ್ಲ, ಕೂತಳು.
ಮಾರನೆಯ ದಿನವೂ ಕೂತಳು.
ಮೂರನೆಯ ದಿನ ಲೋಟ ಎತ್ತಿ ಹಿಡಿದು:
ಇದು ಚಹಾನಾ? ಹೌದು.
ಇದು ಕುದುರೆನಾ? ಹೌದು.
ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.
ಈನಿಡ್‌ಳ ಕಣ್ಣು ತುಂಬಿತು, ಆಮೇಲೆ
ಅದೇ ಬೈಗುಳ, ನಿಧಾನವಾಗಿ, ಮುತ್ತು ಪೋಣಿಸಿದಂತೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ, ಅನ್ನುತ್ತೇವೆ ನಾವು.
ಬಾಯಿ ಕೈಕೊಟ್ಟವಳ ಬರಗಾಲಕ್ಕೆ
ನಮ್ಮಲ್ಲಿ ಗಾದೆ ಇಲ್ಲ.

ಅಂದು ರಾತ್ರಿ ಒಂದೇ ಫೋನು ನಾಲ್ಕು ಕೈ ದಾಟಿತು.
ಗಾಡ್‌ಫ್ರೀ ಬಂದು ಅವಳ ಎಡಗೈ ನೋಡಿದ.
ಕೈಯನ್ನು ಓದುವುದು ಅವನಿಗೆ ತಾಯಿನುಡಿ.
ಡಾರಿಲ್ ಚಿತ್ರಗಳನ್ನು ತಂದ: ಮಂಚ, ಕಿಟಕಿ, ದೋಣಿ,
ಮುಳ್ಳು ತಿರುಗಿಸಬಹುದಾದ ರಟ್ಟಿನ ಗಡಿಯಾರ.
ಆರೂವರೆಯ ಮೇಲೆ ಬೆರಳಿಟ್ಟಳು ಈನಿಡ್,
ಮುಳ್ಳನ್ನು ನೂಕಿದಳು,
ಏಳು, ಎಂಟು, ಒಂಬತ್ತು ದಾಟಿಸಿ ನೂಕಿದಳು,
ಹತ್ತೂ ಇಪ್ಪತ್ತಕ್ಕೆ ನಿಲ್ಲಿಸಿ
ಪಕ್ಕದಲ್ಲಿ ದೋಣಿಯನ್ನಿಟ್ಟಳು.
ಕೊನೆಯ ದೋಣಿ. ಕಿಟಕಿಯಿಂದ ಕಾಣುತ್ತದೆ,
ದೀಪ ಹೊತ್ತು ಆಚೆ ದಡಕ್ಕೆ.

ವಕಾಲತ್ತು ಅನ್ನುತ್ತದೆ ಕನ್ನಡ ಇದನ್ನು.
ಸಲ್ವಾಳ ಅಜ್ಜ ಹಡಗಿನ ಒಲೆಗೆ ಕಲ್ಲಿದ್ದಲು ಸುರಿಯುತ್ತ
ಈ ಊರಿಗೆ ಬಂದಾಗ ಬಾಯಲ್ಲಿದ್ದ ಅರಬ್ಬಿಯಿಂದಲೇ
ಬಂದ ಮಾತು, ನಮ್ಮ ಕೋರ್ಟು ಕಚೇರಿಗೂ.
ಅಲ್ಲಿ ಅದಕ್ಕೆ ಕರಿ ಕೋಟಿದೆ, ಫೀಸಿದೆ.
ಇಲ್ಲಿ ಅದು ಮಳೆಗೆ ನೆಂದ ಬೂಟಿನಲ್ಲಿ
ಬಸ್ಸಿಗೆ ಕಾಯುತ್ತದೆ.

ಸಭೆ. ಕೌನ್ಸಿಲಿನ ಲೆನಾಕ್ಸ್ ಕೆಟ್ಟವನಲ್ಲ.
ಅವನ ತಾಯಿಗೂ ಆರೂವರೆಗೇ ಹಾಸಿಗೆ,
ಅದನ್ನು ಅವನು ಹೇಳುವುದಿಲ್ಲ,
ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾನೆ.
‘ಇವರ ಪರವಾಗಿ ನೀವು ಮಾತಾಡುತ್ತೀರಾ?’
‘ಇಲ್ಲ,’ ಅಂದಳು ಸಲ್ವಾ. ‘ಅವರೇ ಮಾತಾಡುತ್ತಾರೆ.
ಕೋಣೆ ಸುಮ್ಮನಿರುವಂತೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸ.’
ಕೋಣೆ ಸುಮ್ಮನಾಯಿತು.
ರಟ್ಟಿನ ಮುಳ್ಳು ಮೇಜಿನ ಮೇಲೆ ಸರಿಯುವ ಸದ್ದು
ಎಲ್ಲರಿಗೂ ಕೇಳಿಸಿತು,
ಗಾಡ್‌ಫ್ರೀಗೆ ಕಾಣಿಸಿತು.

ವಾರಕ್ಕೆ ಎರಡು ರಾತ್ರಿ ಕೊಟ್ಟರು, ಬುಧವಾರ, ಶನಿವಾರ.
ಉಳಿದದ್ದು ಪರಿಶೀಲನೆಯಲ್ಲಿದೆ.
ಹಿಲ್ಡಾ ಬರೆದುಕೊಂಡಳು: ಬಾಕಿ, ಐದು ರಾತ್ರಿ.
ಈನಿಡ್ ತನ್ನ ಅಭಿಪ್ರಾಯವನ್ನು
ಎಲ್ಲರೂ ಬಲ್ಲ ಆ ಒಂದು ಪದದಲ್ಲಿ ತಿಳಿಸಿದಳು.
‘ಅದನ್ನೂ ಬರೀರಿ,’ ಅಂದ ಡಾರಿಲ್.
ಲೆನಾಕ್ಸ್ ತಲೆಯೆತ್ತಿ ನೋಡಿದ.
‘ಅವಳು ಹೇಳಿದ್ದಾಳೆ. ಬರೀರಿ.’

ಬರೆದ.
ಕಾಗುಣಿತ ತಪ್ಪಿತ್ತು, ಹಿಲ್ಡಾ ತಿದ್ದಿದಳು.